ರಾಟಿ ಆಮ್ಯಾಲ ತರ್ರಿ, ಮೊದಲ ಹೊರಸ ಕಟ್ರಿ

ಕಂಬಳಿ ಉಳಸಬೇಕು ಅನ್ನೂ ಮಾತ ಎಲ್ಲೆ ಬಂದ್ರೂ ಮಂದಿ ಕಣ್ಣಿಗಿ ಕಾಣೂದು ಎರಡ: ಒಂದು ರಾಟಿ, ಇನ್ನೊಂದು ಕುಣಿಮಗ್ಗ. ಫೋಟೋಕ್ಕ ಎರಡೂ ಚಂದ ಅದಾವ. ಆಯಿ ರಾಟಿ ತಿರವತಾಳ, ಅಜ್ಜ ಲಾಳಿ ಒಗಿತಾನ. ಆದ್ರ ಕುರಿ ಮೈಮ್ಯಾಲಿನ ಉಣ್ಣಿ ಕತ್ತರಿ ಬಿಟ್ಟು ರಾಟಿ ಮುಟ್ಟೂದರೊಳಗ ನಡುವ ಒಂದು ದೊಡ್ಡ ಕೆಲಸ ಐತಿ. ಆರಸೂದು, ಬಡಿಯೂದು, ತೊಳಿಯೂದು, ಒಣಗಸೂದು, ಬಿಡಸೂದು, ಹಿಂಜೂದು. ಇದರ ಫೋಟೋ ಯಾರೂ ತಗಿಯಂಗಿಲ್ಲ. ಅಲ್ಲೆ ಧೂಳ ಇರತೈತಿ, ಹಿಕ್ಕಿ ಇರತೈತಿ, ಮೂಗಿಗಿ ಸೆರಗ ಕಟ್ಕೊಂಡ ಬಗ್ಗಿ ಕುಂತ ಹೆಣಮಗಳ ಇರತಾಳ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಾಗ ಉಣ್ಣಿ ತಿಪ್ಪಿಗಿ ಬೀಳಾಕತ್ತಿದ್ದು ರಾಟಿ ಇಲ್ಲಂತ ಅಲ್ಲ, ಮಗ್ಗ ಇಲ್ಲಂತನೂ ಅಲ್ಲ. ಈ ನಡುವಿನ ಕೆಲಸಕ್ಕ ಬರೋಬ್ಬರಿ ಸಾಮಾನ ಇಲ್ಲಂತ ಬೀಳಾಕತ್ತೈತಿ. ಇದು ನನ್ನ ಅಭಿಪ್ರಾಯ. ಆ ಸಾಮಾನ ಲಕ್ಷ ರೂಪಾಯಿದ ಅಲ್ಲ. ಅಟ್ಟದ ಮ್ಯಾಲ ಮುರದ ಬಿದ್ದದ್ದರಾಗ, ಭಂಗಾರ ಅಂಗಡ್ಯಾಗ ಸಿಗೂದರಾಗ ಮನಿ ಮುಂದ ಕುಂತ ಮಾಡಬಹುದು.

ಮೊದಲ ಪರಿಸ್ಥಿತಿ ಹೇಳತೀನಿ. ನಮ್ಮ ಕಡೆ ಕರಿ ಕುರಿ ಅಂದ್ರ ಡೆಕ್ಕನಿ, ಮರಾಠಿಯವ್ರು ದಖ್ಖನಿ ಅಂತಾರ. ವರ್ಷಕ್ಕ ಎರಡ ಸಲ ಕತ್ತರಸತಾರ, ಒಂದ ಕುರಿಗಿ ಒಂದ ಸಲಕ್ಕ ಅರ್ಧ ಕಿಲೋ ಕೂಡೂದೂ ಕಷ್ಟ. ಹಿಂದ ಮುಯ್ಯಾಳ ಮ್ಯಾಲ ನಡಿತಿತ್ತು. ಇವತ್ತ ನಿಮ್ಮ ಹಿಂಡ, ನಾಳಿ ನಮ್ಮ ಹಿಂಡ, ನಡುವ ಒಂದ ಊಟ. ಈಗ ಕೂಲಿ ಕೊಟ್ಟ ಕತ್ತರಸಬೇಕು, ಭಾಳ ಕಡೆ ಆ ಕೂಲಿನ ಉಣ್ಣಿ ಮಾರಿದ ರೊಕ್ಕಕ್ಕಿಂತ ಹೆಚ್ಚಾಗತೈತಿ. ಕತ್ತರಸಲಿಲ್ಲಂದ್ರ ಕುರಿಗಿ ಹೇನ, ಉಣ್ಣಿ, ಬ್ಯಾಸಗಿ ಸೆಕಿ. ಹಂಗಾಗಿ ಕತ್ತರಸತಾರ, ಕತ್ತರಸಿದ್ದನ್ನ ಹಳ್ಳದ ದಂಡಿಗಿ ಒಗದ ಹಿಂಡ ಹೊಡಕೊಂಡ ಹೋಗತಾರ. (ಉಣ್ಣಿ ಕತ್ತರಸೂದು ಉಣ್ಣಿ ಕಾಟಕ್ಕ ಅನ್ನಬೇಕಾಗತೈತಿ. ಪುಸ್ತಕದವ್ರಿಗಿ ಒಂದು ಉಣ್ಣೆ, ಇನ್ನೊಂದು ಉಣ್ಣಿ. ನಮ್ಮ ಬಾಯಾಗ ಎರಡೂ ಉಣ್ಣಿನ. ಯಾವುದು ರಕ್ತ ಕುಡಿಯೂದು, ಯಾವುದು ಬೆಚ್ಚಗಿಡೂದು ಅಂತ ನೀವ ತಿಳಕೋರಿ.)

ಇನ್ನೊಂದ ಕಡೆ ಅಥಣಿಗಿ ಹತ್ತಿದ ಜತ್ತ ತಾಲೂಕಿನಿಂದ ಮಾಡಗ್ಯಾಳ ಕುರಿ ನಮ್ಮ ಹಿಂಡಿನಾಗ ಸೇರಾಕತ್ತಾವ. ಬಿಳಿ ಮೈ, ಕೆಂಪ ಮಚ್ಚಿ, ಬಾಗಿದ ಮೂಗು, ಎತ್ತರ ಕಾಲ. ಖಂಡಕ್ಕ ಚಲೋ, ಸಂತ್ಯಾಗ ರೇಟ ಚಲೋ, ಮೈಮ್ಯಾಲ ಉಣ್ಣಿ ಮಾತ್ರ ಅಷ್ಟಕ್ಕಷ್ಟ. ಕುರುಬರು ಅದನ್ನ ತಂದ್ರ ತಪ್ಪ ಅನ್ನಾಕ ನನಗ ಬಾಯಿಲ್ಲ. ಹೊಟ್ಟಿ ಅವರದು. ಆದ್ರ ಕರಿ ಉಣ್ಣಿಗಿ ಒಂದೀಟರೆ ಬೆಲಿ ಬಂದ್ರ ಹಿಂಡಿನಾಗ ಕರಿ ಕುರಿ ಉಳಿತಾವ, ಇಲ್ಲಂದ್ರ ಇಲ್ಲ. ಬೆಲಿ ಬರೂದು ಉಣ್ಣಿ ಸ್ವಚ್ಛ ಆಗಿ, ಹಿಂಜಿ, ನೂಲಾಕ ತಯಾರಾದಾಗ. ಹಿಕ್ಕಿ ಸಮೇತ ಚೀಲ ತುಂಬಿದ್ರ ಅದು ಕಸಾನ.

ಹಿಂಜೂ ಕೆಲಸಾ ಮಂದಿ ಮರಿಯೂದು ಇವತ್ತಿಂದಲ್ಲ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದ ಕಾಂಗ್ರೆಸ್ ಅಧಿವೇಶನ ಅಂದ್ರ ನಮ್ಮ ಬೆಳಗಾವಿದು, 1924ರ ಡಿಸೆಂಬರದಾಗ. ಕಾಂಗ್ರೆಸ್ ಮೆಂಬರ ಆಗಬೇಕಂದ್ರ ತಿಂಗಳಿಗಿ 2000 ಗಜ ನೂಲ ಕೊಡಬೇಕು ಅನ್ನೂದಕ್ಕ ಅಲ್ಲೆ ಒಪ್ಪಿಗಿ ಆತು. ಎಲ್ಲಾರಿಗೂ ರಾಟಿ ನೆನಪೈತಿ. ಆದ್ರ ಗಾಂಧೀಜಿ ಆತ್ಮಕಥಿ ಓದಿದ್ರ ಗೊತ್ತಾಗತೈತಿ, ಗಂಗಾಬೆಹನ್ ಮಜುಮದಾರ ಅನ್ನೂವ್ರು ಬಡೋದಾ ಸಂಸ್ಥಾನದ ವಿಜಾಪುರದಾಗ ರಾಟಿ ಹುಡಕಿದಮ್ಯಾಲ (ನಮ್ಮ ವಿಜಾಪುರ ಅಲ್ರಿ, ಗುಜರಾತಿಂದು) ಮುಂದಿನ ತ್ರಾಸ ಬಂದದ್ದು ಹಂಜಿದು. ರಾಟಿ ಐತಿ, ನೂಲೂ ಹೆಣಮಕ್ಕಳ ಅದಾರ, ಹಂಜಿ ಎಲ್ಲಿಂದ ತರೂದು? ಕಡೀಕ ಒಬ್ಬ ಹಿಂಜಾಂವ ಸಿಕ್ಕಾಗ ಅಂವ ತಿಂಗಳಿಗಿ 35 ರೂಪಾಯಿ ಕೇಳಿದ. ಆ ಕಾಲಕ್ಕ ಅದು ಸಣ್ಣ ರೊಕ್ಕಲ್ಲ. ಕೊಟ್ಟರು. ಯಾಕಂದ್ರ ಅಂವ ಇಲ್ಲಂದ್ರ ರಾಟಿ ಬರೇ ಕಟಗಿ.

ಈಗ ಸಾಮಾನಿನ ಮಾತಿಗಿ ಬರೂನು.

ಮೊದಲ ಹೊರಸ. ಎಲ್ಲಾರ ಮನ್ಯಾಗೂ ಅಟ್ಟದ ಮ್ಯಾಲೋ ದನದ ಕೊಟ್ಟಗ್ಯಾಗೋ ನವಾರ ಹರದ ಒಂದ ಹೊರಸ ಇದ್ದೇ ಇರತೈತಿ. ನವಾರ ತಗದ ಹಾಕ್ರಿ. ಅರ್ಧ ಇಂಚ ಕಣ್ಣಿನ ತಂತಿ ಜಾಳಗಿ ಬಿಗದ ಬಡೀರಿ. ಹೊಸಾದ ಬೇಕಂತಿಲ್ಲ, ಕೋಳಿಗೂಡಿಗಿ ಹಾಕಿ ಉಳದದ್ದ ನಡಿತೈತಿ. ನಡುವ ಜೋತ ಬೀಳಬಾರದಂತ ಕೆಳಗ ಎರಡ ಅಡ್ಡಪಟ್ಟಿ. ಆಮ್ಯಾಲ ಒಂದೊಂದ ಕಾಲಿನ ಕೆಳಗ ಸಿಮೆಂಟ ಬ್ಲಾಕ ಇಟ್ಟ ಹೊರಸನ್ನ ಸೊಂಟದ ಎತ್ತರಕ್ಕ ತರ್ರಿ.

ಈ ಎತ್ತರದ ಬಗ್ಗೆ ನಾ ಮನ್ಯಾಗ ಭಾಳ ಜಗಳಾಡೀನಿ. "ಇಷ್ಟ ವರ್ಷ ನೆಲಕ್ಕ ಕುಂತ ಮಾಡೀವಿ, ನಿನಗೇನ ಬ್ಯಾರೆ ಬಂದದ ಯವ್ವಾ?" ಅಂತ ನಮ್ಮ ಅತ್ತಿ ಅಂದ್ರು. ಅವರ ಮಣಕಾಲ ಯಾಕ ಮಡಚಂಗಿಲ್ಲ ಅಂತ ನಾ ಕೇಳಲಿಲ್ಲ, ಹಿರೇರಿಗಿ ಹಂಗ ಕೇಳೂದು ಚಲೋ ಅಲ್ಲ. ಆದ್ರ ಅದರ ಉತ್ತರ ಅದ. ಹೊಲದಾಗ ಬಗ್ಗಿ ಕಸಾ ತಗಿಯೂದು, ಒಲಿ ಮುಂದ ಕುಕ್ಕರಗಾಲಿಲೆ ಕುಂದರೂದು, ಮತ್ತ ಉಣ್ಣಿ ಮುಂದೂ ಹಂಗ ಕುಂದರೂದು ಅಂದ್ರ ಮೈ ಎಷ್ಟಂತ ತಡಿಬೇಕು? ಈಗ ಅತ್ತಿ ಹೊರಸಿನ ಮುಂದ ಸ್ಟೂಲ ಹಾಕ್ಕೊಂಡ ಕುಂದರತಾರ. ಮಾತಿನಾಗ ಮಾತ್ರ ಇನ್ನೂ ನೆಲಾನ ಚಲೋ.

ಹೊರಸಿನ ಮ್ಯಾಲ ಒಂದ ಕುರಿಯ ತುಪ್ಪಟ ಪೂರ್ತಿ ಹರವಬೇಕು. ಬೆನ್ನಿನದು ಉದ್ದ, ಸ್ವಚ್ಛ. ಹೊಟ್ಟಿ, ಕಾಲಿನದು ಗಿಡ್ಡ, ಹೊಲಸ. ಅದನ್ನ ಬ್ಯಾರೆ ತಗಿಬೇಕು. ಮೊದಲ ಸಲ ಕತ್ತರಿಸಿದ ಮರಿ ಉಣ್ಣಿ ಸಿಕ್ಕರ ಬಂಗಾರದಂಗ ಬ್ಯಾರೆ ಇಡ್ರಿ, ಮೆತ್ತನ ಕಂಬಳಿ ಆಗೂದು ಅದರಾಗನ. ಆಮ್ಯಾಲ ಎರಡ ಸಪೂರ ಬೇವಿನ ಕೋಲ ತಗೊಂಡ ಹಗೂರಕ ಬಡೀರಿ. ಮಣ್ಣ, ಹಿಕ್ಕಿ, ಉತ್ರಾಣಿ ಬೀಜ, ನೆಗ್ಗಿಲ ಮುಳ್ಳ, ಕತ್ತರಿ ಎರಡೆರಡ ಸಲ ಆಡಿಸಿದಾಗ ಆಗೂ ಚೂರ ಕೂದಲ, ಎಲ್ಲಾ ಜಾಳಗ್ಯಾಗಿಂದ ಕೆಳಗ. ಈ ಚೂರ ಕೂದಲ ಭಾಳ ಮುಖ್ಯ ನೋಡ್ರಿ. ಅದು ಉಳದ್ರ ನೂಲಿನಾಗ ಗಂಟಗಂಟ ಬರತೈತಿ, ಬೈಸ್ಕೊಳ್ಳೂದು ನೂಲಾಕಿ. ಕೆಳಗ ಬಿದ್ದದ್ದನ್ನ ಬದನಿ ಗಿಡದ ಬುಡಕ್ಕ ಹಾಕ್ರಿ, ನೀರ ಹಿಡದಿಡತೈತಿ, ನಿಧಾನಕ್ಕ ಗೊಬ್ಬರಾನೂ ಆಗತೈತಿ.

ಇಲ್ಲೊಂದ ಮಾತಿನಾಗ ನಾ ಅಗದಿ ಬಿಗಿ. ಸತ್ತ ಕುರಿ ಉಣ್ಣಿ ಹೊರಸಿನ ಮ್ಯಾಲ ಬರಬಾರದು. ಎಷ್ಟ ಚಂದ ಇರಲಿ, ಎಷ್ಟ ಉದ್ದ ಇರಲಿ. ಆಂಥ್ರಾಕ್ಸ್ ಅನ್ನೂ ರೋಗದ ಬೀಜ ಒಣಾ ಉಣ್ಣ್ಯಾಗ ವರ್ಷಗಟ್ಲೆ ಜೀವಂತ ಇರತೈತಿ, ಬಡಿಯೂ ಮುಂದ ಧೂಳಿನ ಕೂಡ ಎದಿಯೊಳಗ ಹೋಗತೈತಿ. 19ನೇ ಶತಮಾನದಾಗ ಇಂಗ್ಲೆಂಡಿನ ಬ್ರಾಡಫರ್ಡ್ ಊರಾಗ ಉಣ್ಣಿ ಆರಿಸೂ ಕೂಲಿಗಳು ಇದರಾಗನ ಸತ್ತರು. ರೋಗಕ್ಕ ಹೆಸರ ಬಿದ್ದದ್ದೂ ಉಣ್ಣಿ ಆರಿಸಾವ್ರ ರೋಗ ಅಂತ. ಹೊರಸು ಯಾವತ್ತೂ ಬಯಲಾಗ, ಗಾಳಿಗಿ ಬೆನ್ನ ಮಾಡಿ ನಿಂತು, ಮೂಗಿಗಿ ಬಟ್ಟಿ ಕಟ್ಟಿ. ಸಣ್ಣ ಹುಡುಗರನ್ನ ದೂರ ಕಳಸ್ರಿ.

ತೊಳಿಯೂದು ಹೆಚ್ಚ ಹೇಳೂವಂತಾದ್ದಲ್ಲ. ಮೊಬೈಲಿನಾಗ ನೋಡಿದ್ರ ಪರದೇಶದವ್ರು ಕುದಿಯೂ ನೀರು, ಸೋಡಾ, ನಾಕ ಸಲ ಸಾಬಾಣ ಅಂತಾರ. ಅದು ಮೆರಿನೋ ಕುರಿ ಲೆಕ್ಕ, ಅದರಾಗ ಮೇಣದಂಥಾ ಜಿಡ್ಡ ಭಾಳ. ನಮ್ಮ ಕುರಿಯಾಗ ಜಿಡ್ಡ ಕಡಿಮಿ, ಅದರಾಗ ಕತ್ತರಸೂ ಮೊದಲ ಕುರುಬರು ಹೊಳ್ಯಾಗೋ ಕಾಲವ್ಯಾಗೋ ಕುರಿ ಮೈ ತೊಳದಿರತಾರ. ಮೊದಲ ಒಂದ ರಾತ್ರಿ ತಣ್ಣೀರಾಗ ನೆನಿ ಹಾಕ್ರಿ. ಕುರಿ ಬೆವರಿನ ಉಪ್ಪ ಎಲ್ಲಾ ಬಿಡತೈತಿ, ಅದರಾಗ ಪೊಟ್ಯಾಷ್ ಇರತೈತಿ, ಆ ನೀರ ತೆಂಗಿನ ಗಿಡಕ್ಕ. ಆಮ್ಯಾಲ ಕೈ ತಡಿಯೂವಷ್ಟ ಬಿಸಿನೀರಾಗ ಅಂಟವಾಳದ ರಸ ಹಾಕಿ ಒಮ್ಮಿ, ಬರೇ ನೀರಾಗ ಎರಡ ಸಲ. ತಿಕ್ಕಬಾರದು, ಹಿಂಡಬಾರದು, ಬಿಸಿಯಿಂದ ಒಮ್ಮೆಲೆ ತಣ್ಣಗಿಂದಕ್ಕ ಹಾಕಬಾರದು. ಹಾಕಿದ್ರ ಎಳಿ ಎಳಿ ಹೆಣಕೊಂಡ ಜಮಖಾನ ಆಗತೈತಿ. ಇದಕ್ಕ ನಾವು ದ್ರಾಕ್ಷಿ ಕ್ರೇಟ ಉಪಯೋಗಸತೀವಿ. ಕ್ರೇಟಿನಾಗ ಉಣ್ಣಿ ಹಾಕಿ, ಕ್ರೇಟ ಸಮೇತ ಟಬ್ಬಿನಾಗ ಮುಳಗಸೂದು, ಕ್ರೇಟ ಸಮೇತ ಎತ್ತೂದು. ಉಣ್ಣಿಗಿ ಕೈನ ಹಚ್ಚೂದಿಲ್ಲ.

ಒಣಗಸಾಕ ಅಥಣಿ, ಕಾಗವಾಡ ಕಡೆಯವ್ರಿಗಿ ನಾ ಹೇಳಬೇಕಾಗಿಲ್ಲ. ಮಣೂಕದ ಶೆಡ್ ನೋಡೀರಿ ಅಲ್ಲ, ಅಂತಸ್ತಿನ ಮ್ಯಾಲ ಅಂತಸ್ತ ನೆಟ್ ಕಟ್ಟಿ, ಬಾಜು ನೆರಳ ಪರದೆ ಬಿಟ್ಟಿರತಾರ. ಗಾಳಿ ಆಡಬೇಕು, ಸುಡೂ ಬಿಸಲ ಬೀಳಬಾರದು. ದ್ರಾಕ್ಷಿಗಿ ಬೇಕಾದದ್ದ ಉಣ್ಣಿಗೂ ಬೇಕು. ಶೆಡ್ಡಿನ ಹಳಿ ನೆಟ್ ಬಿಚ್ಚಿ ಒಗಿಯೂ ಮುಂದ ಎರಡ ತುಂಡ ಕೇಳಿ ತಂದ್ರ ನಾಕ ಬಿದರ ಗಳಾ ನಿಲ್ಲಿಸಿ ಮೂರ ಅಂತಸ್ತ ಕಟ್ಟಬಹುದು. ವರ್ಷದಾಗ ದ್ರಾಕ್ಷಿ ಸುಗ್ಗಿ ಮುಗದಮ್ಯಾಲ ಆ ಶೆಡ್ ಖಾಲೀನ ಇರತಾವ. ಮಾಲಕರು ಮನಸ ಮಾಡಿದ್ರ ಒಂದ ಊರಿನ ಉಣ್ಣಿ ಎಲ್ಲಾ ಎರಡ ದಿನದಾಗ ಒಣಗತೈತಿ. ಒಣಗಿದ್ದನ್ನ ಚೀಲಕ್ಕ ತುಂಬೂ ಮುಂದ ನಿಪ್ಪಾಣಿ ಕಡೆಯವ್ರು ಒಂದಿಷ್ಟ ತಂಬಾಕದ ಕಡ್ಡಿ ಇಡ್ರಿ, ಬಾಕಿಯವ್ರು ಬೇವಿನ ಎಲಿ. ನುಸಿ ಹತ್ತಿರ ಬರಂಗಿಲ್ಲ.

ಖರೆ ಕೆಲಸ ಉಳಿಯೂದು ಬಿಡಸೂದರಾಗ. ತೊಳದ ಉಣ್ಣಿ ಮುದ್ದಿಮುದ್ದಿ ಇರತೈತಿ. ಕೈಲೆ ಒಂದೊಂದ ಮುದ್ದಿ ಜಗ್ಗಿ ಬಿಡಸಬೇಕು. ಒಂದ ಕಿಲೋಕ್ಕ ನನಗ ಮೂರ ಮಧ್ಯಾಹ್ನ ಬೇಕಾಗತಿತ್ತು, ಬೊಟ್ಟಿನ ತುದಿ ಉರಿ ಬ್ಯಾರೆ. ಇದಕ್ಕ ನಾವು ಮಾಡಿದ್ದು ಮುಳ್ಳಿನ ತೊಟ್ಟಲ. ಹೆಸರ ನಮ್ಮ ಓಣಿ ಹುಡುಗರು ಇಟ್ಟದ್ದು.

ಎರಡ ಫೂಟ ಉದ್ದ, ಒಂದ ಫೂಟ ಅಗಲದ ಹಲಿಗಿ, ಮುಕ್ಕಾಲ ಇಂಚ ದಪ್ಪ ಪ್ಲೈವುಡ್ ಆದ್ರ ಚಲೋ. ಅದಕ್ಕ ಒಂದ ಇಂಚಿಗೊಂದರಂತ ತೂತ ಕೊರಿಬೇಕು, ಒಂದ ಸಾಲಿನ ತೂತ ಇನ್ನೊಂದ ಸಾಲಿನ ನಡುವ ಬರೂವಂಗ. ತೂತ ಕೊರೀಲಾರದ ಮೊಳಿ ಬಡದ್ರ ಹಲಿಗಿ ಸೀಳತೈತಿ. ತೂತ ನೆಟ್ಟಗಿರಬಾರದು, ಸ್ವಲ್ಪ ವಾಲಿರಬೇಕು. ಕೆಳಗಿಂದ ಎರಡ ಇಂಚಿನ ಮೊಳಿ ಹೊಡದ್ರ ಚೂಪಾದ ತುದಿ ಮ್ಯಾಲ ಬರತಾವ. ಇದು ತಳಾ. ಇದರ ಅರ್ಧ ಉದ್ದದ ಇನ್ನೊಂದ ಹಲಿಗಿಗೂ ಹಂಗ ಮೊಳಿ ಹೊಡದ, ಅದನ್ನ ಎರಡ ಕಟಗಿ ತೋಳಿಗಿ ಹಚ್ಚಿ, ಮ್ಯಾಲ ಒಂದ ಬೋಲ್ಟಿಗಿ ತೂಗಹಾಕಬೇಕು, ತೊಟ್ಟಲದಂಗ. ಮ್ಯಾಲಿನ ಮೊಳಿ, ಕೆಳಗಿನ ಮೊಳಿ ಎದರಾಬದರ ವಾಲಿರಬೇಕು, ಒಂದಕ್ಕೊಂದು ತಾಗಬಾರದು, ನಡುವ ಅರ್ಧ ಬೊಟ್ಟ ಸಂದಿ. ಒಂದ ಕಡೆಯಿಂದ ಉಣ್ಣಿ ಇಟ್ಟ ತೂಗಿದ್ರ ಇನ್ನೊಂದ ಕಡೆಯಿಂದ ಅರಳಿಧಂಗ ಹಾರಿ ಬರತೈತಿ. ಮೂರ ಮಧ್ಯಾಹ್ನದ ಕೆಲಸ ಒಂದರಾಗ ಮುಗಿತೈತಿ. ನಮಗ ಮೊಳಿ, ಬೋಲ್ಟ, ಹಲಿಗಿ, ಬಡಿಗ್ಯಾರ ಮಾವಗ ಅರ್ಧ ದಿನದ ಕೂಲಿ, ಎಲ್ಲಾ ಕೂಡಿ 1100 ರೂಪಾಯಿ ಬಿತ್ತು.

ಇದು ಅಪಾಯದ ಸಾಮಾನ, ಮುಚ್ಚಿ ಹೇಳೂದು ಬ್ಯಾಡ. ಕೈ ಸಿಕ್ಕರ ಹರಿತೈತಿ. ಕೆಲಸ ಮುಗದ ಕೂಡಲೆ ತೋಳಿಗಿ ಕೊಂಡಿ ಹಾಕಿ, ಮ್ಯಾಲ ಗೋಣಿತಟ್ಟ ಹಾಕಿ, ಬಾಗಲ ಹಾಕೂ ಖೋಲ್ಯಾಗ ಇಡಬೇಕು. ಉಣ್ಣಿ ಇಡಾಕ ಕೈ ಬ್ಯಾಡ, ಒಂದ ಕಟಗಿ ಸವಟ ಮಾಡ್ಕೋರಿ.

ಹಿಂಜಾಕ ಬಿಲ್ಲ. ಇದನ್ನ ನಾವೇನ ಕಂಡ ಹಿಡದದ್ದಲ್ಲ, ಗಾದಿ ಹಿಂಜೂ ನದಾಫ ಮನಿತನದವ್ರ ಕೈಯಾಗೂ ಐತಿ, ಕಂಬಳಿ ಮಾಡೂ ಕುರುಬರ ಮನ್ಯಾಗೂ ಇತ್ತು. ಹತ್ತಿಗಿ ದೊಡ್ಡ ಬಿಲ್ಲ, ಉಣ್ಣಿಗಿ ಸಣ್ಣದ ಸಾಕು. ನಾಕ ಫೂಟಿನ ಬಿದರ ದಬ್ಬಿ, ಹಿಂದ ಕುರಿ ಕರಳಿನ ಹುರಿ ಕಟ್ಟತಿದ್ರು, ಈಗ ಮೀನಿನ ಗಾಳದ ದಪ್ಪ ನಾಯಲಾನ ದಾರ. ಬಿಲ್ಲನ್ನ ಜಂತಿಗಿ ಹಗ್ಗಲೆ ಇಳಿಬಿಟ್ರ ಭಾರ ಕೈಮ್ಯಾಲ ಬೀಳಂಗಿಲ್ಲ. ಸಣ್ಣ ಕೊಡತಿಲೆ ಹುರಿ ಮೀಟಿದ್ರ ಅದರ ನಡುಗಕ್ಕ ಎಳಿ ಬಿಡಿಬಿಡಿ ಆಗತಾವ, ಉಳದ ಧೂಳ ಕೆಳಗ ಬೀಳತೈತಿ. ಸುತ್ತ ಮೂರ ಕಡೆ ಹಳಿ ಸೊಳ್ಳಿ ಪರದೆ ಕಟ್ಟಿದ್ರ ಉಣ್ಣಿ ಹಾರಿ ಹಿಟ್ಟಿನ ಡಬ್ಬಿಗಿ ಹೋಗಂಗಿಲ್ಲ. ಬಿಲ್ಲ ಬಾರದವ್ರು ನಾಯಿ ಕೂದಲ ಬಾಚೂ ತಂತಿ ಬ್ರಶ್ ಎರಡ ತಂದ ಒಂದರ ಮ್ಯಾಲೊಂದು ಎಳದ್ರೂ ಹಂಜಿ ಬರತೈತಿ, ನಿಧಾನ ಅಷ್ಟ.

ಇದರ ಮುಂದ ತಿರಗೂ ಡ್ರಮ್ಮಿನ ಯಂತ್ರ ಐತಿ, ಪಿವಿಸಿ ಪೈಪು, ಸೈಕಲ್ ಚೈನು ಹಚ್ಚಿ ಮನ್ಯಾಗ ಮಾಡಿದವ್ರೂ ಅದಾರ. ನಾ ಬ್ಯಾಡ ಅಂತೀನಿ. ಪೈಪು, ಚೈನು ಸಿಗತಾವ, ಆದ್ರ ಡ್ರಮ್ಮಿಗಿ ಸುತ್ತೂ ಬಾಗಿದ ತಂತಿ ಹಲ್ಲಿನ ಪಟ್ಟಿ ನಮ್ಮ ಪ್ಯಾಟ್ಯಾಗ ಸಿಗಂಗಿಲ್ಲ. ಅದ ಅದರ ಜೀವ, ತುಟ್ಟಿ ಬ್ಯಾರೆ. ಮೆರಿನೋ ಎಳಿ 20 ಮೈಕ್ರಾನಿನ ಸುತ್ತ ಇರತೈತಿ, ನಮ್ಮ ಕುರಿದು ಅದರ ಎರಡ ಪಟ್ಟಿಗಿಂತ ದಪ್ಪ, ಒರಟ. ಸಣ್ಣ ಎಳಿಗಂತ ಮಾಡಿದ ಹಲ್ಲಿಗಿ ನಮ್ಮ ಉಣ್ಣಿ ಹಾಕಿದ್ರ ಹಲ್ಲ ಬಾಗತಾವ. ಒಂದ ಊರಾಗ ಯೋಜನಾದಾಗ ಬಂದ ಹಿಂಜೂ ಯಂತ್ರ ಸಮುದಾಯ ಭವನದ ಮೂಲ್ಯಾಗ ಕುಂತದ್ದನ್ನ ನಾನ ನೋಡೀನಿ. ಬೆಲ್ಟ ಹರದೈತಿ. ಅದರ ಮ್ಯಾಲ ಪೆಂಡಾಲದ ಕುರ್ಚಿ ಪೇರಿಸಿಟ್ಟಾರ. ದುರಸ್ತಿ ಮಾಡಾಂವ ಎಲ್ಲಿಂದ ಬರಬೇಕು ಅನ್ನೂದ ಯಾರಿಗೂ ಗೊತ್ತಿಲ್ಲ. ಮುಳ್ಳಿನ ತೊಟ್ಟಲದ ಮೊಳಿ ಬಾಗಿದ್ರ ನಮ್ಮ ಅತ್ತಿ ಇಕ್ಕಳ ತಗೊಂಡ ಸೆಟದ ಮಾಡತಾರ.

ಕ್ವಿಂಟಲ್‌ಗಟ್ಲೆ ಉಣ್ಣಿ ಹಿಂಜಾಕ ಮನಿ ಸಾಮಾನ ಸಾಲೂದಿಲ್ಲ ಅಂತ ಯಾರರೆ ಅಂದ್ರ ನಾ ಒಪ್ಪತೀನಿ. ಐದ ತಾಲೂಕಿನ ಉಣ್ಣಿ ಎಲ್ಲಾ ಹೊರಸಿನ ಮ್ಯಾಲ ಆಗಂಗಿಲ್ಲ, ಯಾವತ್ತಾದ್ರೂ ಒಂದ ಚಲೋ ಯಂತ್ರ ಬೇಕಾಗತೈತಿ. ಆದ್ರ ಆರಿಸಿ, ಬಡದು, ತೊಳದ ಉಣ್ಣಿ ಇಲ್ಲದ ಊರಿಗಿ ಯಂತ್ರ ತಂದ್ರ ಅದಕ್ಕೂ ಹಿಕ್ಕಿನ ತಿನಸಬೇಕಾಗತೈತಿ.

ನನಗ ಒಳಗೊಳಗ ಕೊರಿಯೂದು ಬ್ಯಾರೆ ಒಂದೈತಿ. ಸಾಮಾನ ಮನ್ಯಾಗ ಮಾಡಿದ್ರ ಕೆಲಸಾನೂ ಮನಿ ಕೆಲಸ ಆಗತೈತಿ, ಮನಿ ಕೆಲಸಕ್ಕ ಪಗಾರ ಇಲ್ಲ. ಕಂಬಳಿ ಮಾರಿದ ರೊಕ್ಕ ಹಿಂದಿಂದನೂ ನೇದಾವ್ರ ಕೈಗೆ ಬರತಿತ್ತು, ಮಗ್ಗದ ಲೆಕ್ಕ ಇರತಿತ್ತು, ಹುಣಸಿ ಬೀಜದ ಗಂಜಿ ಲೆಕ್ಕ ಇರತಿತ್ತು. ಆರಿಸಿ ಹಿಂಜಿದಾಕಿ ಲೆಕ್ಕ ಯಾವ ವಹಿಯಾಗೂ ಇಲ್ಲ. ಯಂತ್ರದ ಮುಂದ ನಿಂತಾಂವಗ ಆಪರೇಟರ್ ಅಂತಾರ, ಪಗಾರ ಕೊಡತಾರ. ಹೊರಸಿನ ಮುಂದ ನಿಂತಾಕಿಗಿ ಯಾಕಿಲ್ಲ?

ಹಂಗಾಗಿ ನಮ್ಮ ಓಣಿಯ ನಾಕ ಮನಿ ಹೆಣಮಕ್ಕಳು ಒಂದ ವಹಿ ಇಟ್ಟೀವಿ. ಯಾರು ಎಷ್ಟ ತಾಸ ಬಡದ್ರು, ಎಷ್ಟ ತಾಸ ತೂಗಿದ್ರು, ಎಷ್ಟ ಹಿಂಜಿದ್ರು, ಎಲ್ಲಾ ಬರಿತೀವಿ. ತಾಸಿಗಿ ಕಬ್ಬಿನ ಕಸಾ ತಗಿಯೂ ಕೂಲಿ ಎಷ್ಟೋ ಅಷ್ಟ ಹಿಡದು ಹಂಜಿಗಿ ಕಿಲೋ ರೇಟ ಕಟ್ಟೀವಿ. ಕಂಬಳಿ ನೇಯೂ ಕಾಕಾ ಒಬ್ಬರು ಬಂದ ನೋಡಿದ್ರು, ಹಂಜಿ ಬೆಳಕಿಗಿ ಹಿಡದ ಎಳದ್ರು, ಗಂಟಿಲ್ಲ, ಕಸಾ ಇಲ್ಲ, ಚಲೋ ಐತಿ ಅಂದ್ರು. ರೇಟ ಕೇಳಿ ಹೆಚ್ಚಾತು ಅಂದ್ರು. ಹೊಲಸ ಉಣ್ಣಿ ಬಿಟ್ಟಿ ಸಿಗತೈತೆಲ್ಲ ಅಂದ್ರು. ಹೌದ್ರಿ ಕಾಕಾ, ಉಣ್ಣಿ ಬಿಟ್ಟಿ, ಕೈ ಬಿಟ್ಟಿ ಅಲ್ಲ ಅಂದೆ. ಎರಡ ಕಿಲೋ ತಗೊಂಡ ಹೋಗ್ಯಾರ, ಬಾಕಿ ಆರ ಕಿಲೋ ಚೀಲದಾಗ ಐತಿ. ರೇಟ ಇಳಿಸಿಲ್ಲ.